ಹೀರೋಯಿನ್ ಅಪ್ಪನ ಆಟ!

ಗಾಲ್ಫ್ ಅಂದರೆ ನಮ್ಮ ಚಿತ್ರಗಳಲ್ಲಿ ನಾಯಕಿಯ ಅಪ್ಪ ಆಡುವ ಆಟ. ನಾಯಕ ಗೇಟಿನಾಚೆ! ಗಾಂಧಿನಗರ ಸುತ್ತಿ ನಾಲ್ಕಕ್ಷರ ಗೀಚುವ ನನಗೂ ಈ ಹುಚ್ಚಿದೆ ಅಂದ್ರೆ ನಗಬೇಡಿ ಸ್ವಾಮಿ. ಚಿಕ್ಕಮಗಳೂರಲ್ಲಿ ಕಾಫಿ ತೋಟದವರ ಚೆಂಡು ಹೆಕ್ಕುತ್ತಾ ಕಲಿತದ್ದು.

ಬೆಂಗಳೂರಿಗೆ ಬಂದಾಗ ಮೈದಾನಕ್ಕೆ ಬರವಿರಲಿಲ್ಲ. ಹೈಗ್ರೌಂಡ್ಸಿನ ಗಾಲ್ಫ್ ಕ್ಲಬ್ಬೇ 1876ರದ್ದು. ಬರವಿದ್ದದ್ದು ಜೊತೆಗಾರರಿಗೆ. ಸದಸ್ಯರ ಪರಿಚಯವಿಲ್ಲದ ಹೊಸಬನನ್ನು ಆಟಕ್ಕೆ ಕರೆಯೋರ್ಯಾರು? ಊರು ತುಂಬ ಜನ, ನಾನು ಮಾತ್ರ ಒಂಟಿ.

ದಾರಿ ತೋರಿಸಿದ್ದು ಕ್ಯಾಡಿಗಳು. ಚೀಲ ಹೊರುವ ಇವರಿಗೆ ಯಾರು ಒಬ್ಬರೇ ಆಡ್ತಾರೆ, ಯಾರ ಗುಂಪಿಗೆ ನಾಲ್ಕನೆಯವನು ಬೇಕು, ಎಲ್ಲಾ ಗೊತ್ತು. ‘ಹುಡ್ಗ ಚೆನ್ನಾಗಿ ಹೊಡೀತಾನೆ ಸಾರ್’ ಅಂತ ಒಬ್ಬ ಶಿಫಾರಸು ಮಾಡಿದ. ನಿವೃತ್ತ ಹಿರಿಯರೊಬ್ಬರು ಅತಿಥಿಯಾಗಿ ಕರೆದರು. ಹ್ಯಾಂಡಿಕ್ಯಾಪ್ ಲೆಕ್ಕವಿರೋದರಿಂದ ಪಳಗಿದವನೂ ಹೊಸಬನೂ ಸರಿಸಮ ಸೆಣಸಬಹುದು. ಹದಿನೆಂಟು ಗುಳಿಗೆ ನಾಲ್ಕು ಗಂಟೆ ನಡಿಗೆ. ಅಷ್ಟರಲ್ಲಿ ಅಪರಿಚಿತನೂ ನಮ್ಮೋನಾಗ್ತಾನೆ.

ನೀವು ಯಾವ ಊರಿಗೇ ಹೋಗಿ, ಮೊದಲು ಕ್ಯಾಡಿಯ ಜೊತೆ ಟೀ ಕುಡೀರಿ. ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ನನ್ನೇ ಗೆದ್ದರು. ಈ ಕಥೆಗೆ ನಮ್ಮ ನಿರ್ದೇಶಕರು ಯಾವಾಗ ಕ್ಲಾಪ್ ಹೊಡೀತಾರೋ!