ಪದವಿನ ನೀಲಿ ಚಾಪೆ

ಕಲ್ಲುಗೋಡೆ ತುಂಬ ನೇರಳೆ ಹೂ ಚಾಪೆ ಹಾಸಿದ ಹಾಗೆ ಇರುವ ಫಾರಿನ್ ಫೋಟೋಗಳು ನಿಮ್ಮ ಫೀಡಿಗೂ ಬಂದಿರ್ತವೆ. ಅದರಲ್ಲಿ ತುಂಬಾ ಸಲ ಇರುವುದು ಆಬ್ರಿಯೇಟ. ನಮ್ಮ ಒಗ್ಗರಣೆ ಸಾಸಿವೆಯ ಕುಟುಂಬದ್ದೇ! ಗ್ರೀಸ್, ಟರ್ಕಿ ಕಡೆಯ ಬಂಡೆಗಳ ಕಾಡುಹೂ. ಕ್ಲೋಡ್ ಒಬ್ರಿಯೆ ಅಂತ ಫ್ರಾನ್ಸಿನಲ್ಲಿ ಹೂಗಿಡಗಳ ಚಿತ್ರ ಬರೀತಿದ್ದ ಕಲಾವಿದನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ನಮ್ಮ ಸೆಕೆಗೆ ಅದು ಆಗ್ಲಿಕ್ಕಿಲ್ಲ. ಬೇಜಾರು ಬೇಡ ಮಾರ್ರೆ, ಕಲ್ಲಿನ ಮೇಲೆ ಚಾಪೆ ಹಾಸುವ ಹೂ ಇಲ್ಲೂ ಉಂಟು. ಸಾಸಿವೆಯ ಸಂಬಂಧ ಇಲ್ಲ, ಅಷ್ಟೆ.

ಪದವು ಗೊತ್ತಲ್ವಾ? ಮುರಕಲ್ಲಿನ ಬಯಲು. ಪದವಿನಂಗಡಿ ಬಸ್ಸಲ್ಲಿ ದಿನಾ ಹೋಗುವವರೂ ಆ ಹೆಸರಲ್ಲಿ ಒಂದು ಪದವು ಇದೆ ಅಂತ ಯೋಚಿಸಿರ್ಲಿಕ್ಕಿಲ್ಲ. ಬೇಸಗೆಯಲ್ಲಿ ಪದವು ಅಂದ್ರೆ ಕಪ್ಪು ಕಲ್ಲು, ಒಣ ಹುಲ್ಲು. ಮಳೆ ಬಿದ್ದು ಕಲ್ಲಿನ ಗುಂಡಿಗಳಲ್ಲಿ ತೆಳು ನೀರು ನಿಂತ ಮೇಲೆ ಆಗಸ್ಟ್, ಸೆಪ್ಟೆಂಬರಿಗೆ ನೋಡ್ಬೇಕು. ಬಿಳಿ ಗುಂಡುಪಿನ್ನಿನ ತಲೆ ಹಾಗಿರುವುದು ಎರಿಯೋಕಾಲನ್. ಅದರ ಮಧ್ಯೆ ನೀಲಿಯಾಗಿ ಹರಡಿದ್ದು ಉಟ್ರಿಕ್ಯುಲೇರಿಯ.

ಈ ನೀಲಿ ಹೂ ಪಾಪದ್ದಲ್ಲ. ಅದಕ್ಕೆ ಬೇರೇ ಇಲ್ಲ! ಕಲ್ಲಿನ ಮೇಲಿನ ಚೂರು ಮಣ್ಣಲ್ಲಿ ಸಾರ ಇಲ್ಲ, ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನೇ ಹಿಡಿದು ತಿನ್ನುತ್ತದೆ. ಒದ್ದೆ ಮಣ್ಣೊಳಗೆ ಪುಟ್ಟ ಪುಟ್ಟ ಚೀಲಗಳಿರ್ತವೆ. ಬಾಯಿಯ ರೋಮ ಮುಟ್ಟಿದ್ರೆ ಸಾಕು, ನೀರಿನ ಜೊತೆ ಜೀವಿಯನ್ನೂ ಒಳಗೆ ಎಳ್ಕೊಳ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ ಅದಕ್ಕೆ.

ಗಡಿ ದಾಟಿದ್ರೆ ಮಲಯಾಳದಲ್ಲಿ ಇದಕ್ಕೆ ಕಾಕ್ಕಪ್ಪೂವ್ ಅಂತಾರೆ, ಓಣಂ ಹೂವಿನ ರಂಗೋಲಿಗೆ ಇದೇ ಆಗ್ಬೇಕು. ಮಹಾರಾಷ್ಟ್ರದ ಕಾಸ್ ಪಠಾರದಲ್ಲೂ ಇದರ ಬಳಗದ್ದೇ ನೀಲಿ. ಅಲ್ಲಿಗೆ ಟಿಕೆಟ್ ತಗೊಂಡು ಹೋಗ್ತಾರೆ ಜನ, 2012ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ನಮ್ಮಲ್ಲಿ ಅಂಥದ್ದೇ ಜಾಗಕ್ಕೆ ಏನಂತೇವೆ? ಖಾಲಿ ಸೈಟ್.

ಬಿಕಾಂನವರು ಸ್ವಲ್ಪ ಕೇಳಿ. ಜಾಗಕ್ಕೆ ಡಿಪ್ರಿಸಿಯೇಶನ್ ಇಲ್ಲ ಅಂತ ನಾವು ಓದಿದ್ದಲ್ವಾ? ಕೋರೆ ಆದ್ರೆ ಮಾತ್ರ ಡಿಪ್ಲೀಶನ್ ಲೆಕ್ಕ ಹಾಕ್ತೇವೆ. ಅದೂ ತೆಗೆದ ಕಲ್ಲಿಗೆ, ಮೇಲಿದ್ದ ಹೂವಿಗೆ ಯಾವ ಕಾಲಮ್ಮೂ ಇಲ್ಲ. ಜೆಸಿಬಿ ಒಂದು ಸಲ ಕೆರೆದ್ರೆ ಆ ಬೆರಳಗಲದ ಮಣ್ಣು, ಅದರೊಳಗಿನ ಬೀಜ ಎರಡೂ ಹೋಯ್ತು. ಗುಂಡಿಗೆ ಲೋಡುಗಟ್ಟಲೆ ಕೆಂಪುಮಣ್ಣು ತುಂಬಿಸಿದ್ರೂ ಪ್ರಯೋಜನ ಇಲ್ಲ, ಇದಕ್ಕೆ ಬೇಕಾದ್ದು ಬಡ ಮಣ್ಣು ಮತ್ತೆ ನಿಂತ ನೀರು.

ನಿಮ್ಮ ಮನೆ ಹತ್ರ ಇನ್ನೂ ಪದವು ಉಳಿದಿದ್ರೆ ಅಷ್ಟಮಿ, ಚೌತಿ ಸಮಯಕ್ಕೆ ಒಮ್ಮೆ ಹೋಗಿ ನೋಡಿ. ಚಪ್ಪಲಿ ಜಾಗ್ರತೆ, ಪಾಚಿ ಜಾರ್ತದೆ. ಕೀಳ್ಬೇಡಿ. ಊರಿನ ಹೆಸರು ಮಾತ್ರ ಕಮೆಂಟಲ್ಲಿ ಹಾಕಿ.