‘ಅದು ಹಾಗೇ, ಬಾಯಿಪಾಠ ಮಾಡು’

ಹಳ್ಳಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಹುಡುಗಿಯೊಬ್ಬಳು ‘ಗೋ’ ಕ್ರಿಯಾಪದದ ಭೂತಕಾಲವನ್ನು ‘ಗೋಡ್’ ಎಂದು ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ಗೀಟು ಹೊಡೆದು ‘ವೆಂಟ್’ ಎಂದು ತಿದ್ದಿದೆ. “ವಾಕ್‌ಗೆ ವಾಕ್ಡ್ ಆದ್ರೆ, ಗೋಗೆ ಯಾಕೆ ವೆಂಟ್ ಸರ್?” ಎಂದಳು. “ಅದು ಹಾಗೇ, ಬಾಯಿಪಾಠ ಮಾಡು” ಎಂದು ಗದರಿದೆ. ಆಮೇಲೆ ಆಕೆ ನನ್ನ ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ನನಗೆ ಉತ್ತರ ಗೊತ್ತಿರಲಿಲ್ಲ. ಅದನ್ನು ಮಕ್ಕಳ ಮುಂದೆ ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ.

ಎಷ್ಟೋ ಕಾಲದ ಮೇಲೆ ಪದಮೂಲಗಳ ನಿಘಂಟು ತೆರೆದಾಗ ಉತ್ತರ ಸಿಕ್ಕಿತು. ಹುಟ್ಟಿನಲ್ಲಿ ಇವೆರಡೂ ಬೇರೆ ಬೇರೆ ಕ್ರಿಯಾಪದಗಳು. ಹಳೆಯ ಇಂಗ್ಲಿಷಿನಲ್ಲಿ ‘ಗಾನ್’ ಎಂದರೆ ಹೋಗು. ಅದರ ಭೂತಕಾಲದ ರೂಪ ‘ಎಯೋದೆ’. ‘ವೆಂದನ್’ ಎಂಬ ಇನ್ನೊಂದು ಪದಕ್ಕೆ ತಿರುಗು ಎಂದರ್ಥ. ನಾವು ‘ಊರೂರು ತಿರುಗಿದ’ ಎನ್ನುವ ಹಾಗೆ ಅಲ್ಲಿಯೂ ತಿರುಗುವುದು ಹೋಗುವುದಾಯಿತು. ಸೆಂಡ್–ಸೆಂಟ್, ಬೆಂಡ್–ಬೆಂಟ್ ಇದ್ದಂತೆ ವೆಂಡ್–ವೆಂಟ್. 15ನೇ ಶತಮಾನದ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ‘ಗೋ’ದ ಹಳೆಯ ರೂಪ ಮೂಲೆ ಸೇರಿ, ಆ ಜಾಗಕ್ಕೆ ‘ವೆಂಟ್’ ಬಂತು. ‘ವೆಂಡ್’ ತನಗಾಗಿ ‘ವೆಂಡೆಡ್’ ಎಂಬ ಹೊಸ ರೂಪ ಮಾಡಿಕೊಂಡಿತು. ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲಿ ಮಾತ್ರ ಹೋಗು ಎನ್ನಲು ‘ಗೇ’, ಹೋದ ಎನ್ನಲು ‘ಗೇಡ್’. ನಾನು ಗೀಟು ಹೊಡೆದದ್ದು ಇದೇ ಬಗೆಯ ರೂಪಕ್ಕೆ!

1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ಸಂಶೋಧಕಿ ಎಳೆಯ ಮಕ್ಕಳಿಗೆ ‘ರಿಕ್’ ಎಂಬ, ತಾವೇ ಕಟ್ಟಿದ ಕ್ರಿಯಾಪದ ಕೊಟ್ಟು, ನಿನ್ನೆ ಮಾಡಿದ್ದನ್ನು ಹೇಗೆ ಹೇಳುತ್ತೀರಿ ಎಂದು ಕೇಳಿದರು. ಹೆಚ್ಚಿನವರು ‘ರಿಕ್ಡ್’ ಎಂದರು. ಎಂದೂ ಕಿವಿಗೆ ಬೀಳದ ಪದಕ್ಕೂ ಮಕ್ಕಳು ನಿಯಮ ಹಚ್ಚಬಲ್ಲರು. ನನ್ನ ವಿದ್ಯಾರ್ಥಿನಿ ಮಾಡಿದ್ದೂ ಅದನ್ನೇ. ಅವಳು ಬರೆದ ರೂಪ ತಪ್ಪಿತ್ತು, ಯೋಚಿಸಿದ ದಾರಿ ಸರಿಯಾಗಿತ್ತು. ನಾನು ಎರಡಕ್ಕೂ ಸೇರಿಸಿ ಗೀಟು ಹೊಡೆದಿದ್ದೆ.

ಇಂಗ್ಲಿಷ್ ಕಲಿಸುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಮಗು ‘ಗೋಡ್’ ಎಂದು ಬರೆದರೆ ಖಂಡಿತ ತಿದ್ದಿ. ಆದರೆ ನಿಯಮ ಹಿಡಿದದ್ದಕ್ಕೆ ಮೊದಲು ಶಹಬ್ಬಾಸ್ ಎನ್ನಿ. ಯಾಕೆ ಎಂದು ಕೇಳಿದಾಗ ಉತ್ತರ ತಿಳಿಯದಿದ್ದರೆ, “ನೋಡ್ಕೊಂಡು ಬಂದು ನಾಳೆ ಹೇಳ್ತೀನಮ್ಮ” ಎನ್ನಿ. ಅದರಿಂದ ಮೇಷ್ಟ್ರ ಮರ್ಯಾದೆಗೆ ಕುಂದು ಬರುವುದಿಲ್ಲ.