ಅಂಗುಳಕ್ಕೊಂದು ಕೀಲಿ

ಮಗಳಿಗೆ ಒಂಬತ್ತಾಗಿತ್ತು. ಬಾಯಿ ಮುಚ್ಚಿದರೆ ಮೇಲಿನ ದವಡೆ ಹಲ್ಲುಗಳು ಕೆಳಗಿನವುಗಳ ಒಳಗೆ ಕೂರುತ್ತಿದ್ದವು. "ದೊಡ್ಡವಳಾದ್ರೆ ಸರಿಹೋಗುತ್ತೆ" ಎಂದು ನಮ್ಮತ್ತೆ ಹೇಳಿದ್ದನ್ನು ನಂಬಿ ನಾನೂ ಎರಡು ವರ್ಷ ಸುಮ್ಮನಿದ್ದೆ.

ವಿಜಯನಗರದ ದಂತವೈದ್ಯೆ ಪ್ಲಾಸ್ಟರಿನ ಅಚ್ಚು ತೋರಿಸಿ ವಿವರಿಸಿದರು. ಹಲ್ಲು ಕೆಟ್ಟಿಲ್ಲ, ಮೇಲ್ದವಡೆಯೇ ಕಿರಿದು. ಅದು ಎರಡು ಮೂಳೆಗಳು ಅಂಗುಳದ ನಡುವೆ ಹೊಲಿಗೆಯಂತೆ ಕೂಡಿ ಆದದ್ದು. ಎಳೆತನದಲ್ಲಿ ಆ ಹೊಲಿಗೆ ಗಟ್ಟಿಯಾಗಿರುವುದಿಲ್ಲ. ಮನೆಯಲ್ಲಿ ಬಟ್ಟೆ ಹೊಲಿಯುವ ನನಗೆ ಕೂಡಲೇ ಅರ್ಥವಾಯಿತು: ಬಿಗಿಯಾದ ಕುರ್ತಾದ ಹೊಲಿಗೆ ಬಿಚ್ಚಿ ಅಗಲ ಮಾಡುತ್ತೇವಲ್ಲ, ಹಾಗೆ. ಅಮೆರಿಕದ ಎಮರ್ಸನ್ ಏಂಜೆಲ್ 1860ರಲ್ಲೇ ಸ್ಕ್ರೂ ಬಳಸಿ ಒಬ್ಬ ಹುಡುಗಿಗೆ ಹೀಗೆ ಮಾಡಿದ್ದರಂತೆ. ಆಗ ಹಲವು ವೈದ್ಯರು ನಂಬಲಿಲ್ಲ.

ದವಡೆ ಹಲ್ಲುಗಳಿಗೆ ಉಂಗುರ, ನಡುವೆ ಸ್ಕ್ರೂ. ದಿನಕ್ಕೊಮ್ಮೆ ಕಾಲು ಸುತ್ತು, ಅಂದರೆ ಸುಮಾರು ಕಾಲು ಮಿಲಿಮೀಟರ್. ತಿರುಗಿಸುವ ಕೀಲಿಯನ್ನು ವೈದ್ಯೆ ನನ್ನ ಕೈಗೇ ಕೊಟ್ಟುಬಿಟ್ಟರು!

ಇಶಾ ನಮಾಝ್ ಮುಗಿಸಿ, ಮೊಬೈಲ್ ಬೆಳಕಿನಲ್ಲಿ ಮುಂದಿನಿಂದ ಹಿಂದಕ್ಕೆ ತಿರುಗಿಸುತ್ತಿದ್ದೆ. ನಾಲ್ಕನೆಯ ರಾತ್ರಿ ಮೂಗಿನ ಬುಡ ಒತ್ತುತ್ತಿದೆಯೆಂದು ಅವಳು ಅತ್ತಳು. ನನ್ನ ಕೈ ಏಳಲಿಲ್ಲ. ಮೂರು ದಿನ ತಿರುಗಿಸಲೇ ಇಲ್ಲ, ವೈದ್ಯೆ ಕೊಟ್ಟ ಹಾಳೆಯಲ್ಲಿ ಮಾತ್ರ ಗುರುತು ಹಾಕಿದೆ.

"ಅಮ್ಮೀ, ಸುಳ್ಳು ಬರೆದ್ರಾ?" ಎಂದಳು.

ಮಗುವಿನ ಮುಂದೆ ಅಷ್ಟು ಸಣ್ಣವಳಾದದ್ದು ನೆನಪಿಲ್ಲ. ಮರುದಿನವೇ ಹೋಗಿ ವೈದ್ಯೆಗೆ ನಿಜ ಹೇಳಿದೆ. ಅವರು ಬಯ್ಯಲಿಲ್ಲ. ಒತ್ತಿದಂತಾಗುವುದು ಸಹಜ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ, ತಪ್ಪಿದ ಸುತ್ತುಗಳನ್ನು ಒಂದೇ ದಿನ ತಿರುಗಿಸಬೇಡಿ ಎಂದರು.

ಕೆಲವು ದಿನಗಳಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿತ್ತು. ಅತ್ತೆ ಎದೆ ಹಿಡಿದುಕೊಂಡರು, "ಇದ್ದ ಹಲ್ಲನ್ನೂ ಕೆಡಿಸಿದ್ರಲ್ಲ! ನಾಳೆ ಮದುವೆ ಹೇಗೆ?" ಹೊಲಿಗೆ ಬಿಚ್ಚಿಕೊಂಡಿತು ಎನ್ನಲು ಅದೇ ಸಾಕ್ಷಿ, ಸಂದು ತಾನಾಗಿಯೇ ಕೂಡುತ್ತದೆ ಎಂದು ವೈದ್ಯೆ ಮೊದಲೇ ಹೇಳಿದ್ದರಿಂದ ನಾನು ಬಚಾವಾದೆ. ಒಂಬತ್ತು ವರ್ಷದವಳ ಹಲ್ಲಿನಲ್ಲೂ ಮದುವೆಯೇ ಕಾಣುತ್ತದಲ್ಲ ನಮಗೆ!

ನನ್ನದೂ ಅಂಥದ್ದೇ ಕಿರಿದಾದ ದವಡೆ. ಕೇಳಿದೆ. ಈ ವಯಸ್ಸಿಗೆ ಹೊಲಿಗೆ ಗಟ್ಟಿಯಾಗಿರುತ್ತದೆ, ಬರೀ ಹಲ್ಲಿಗೆ ಹಾಕುವ ಸ್ಕ್ರೂ ಸಾಲದು, ಮೂಳೆಗೇ ಸ್ಕ್ರೂ ಕೂರಿಸಬೇಕು ಇಲ್ಲವೇ ಶಸ್ತ್ರಚಿಕಿತ್ಸೆ ಎಂದರು. ಬೇಡವೆಂದು ಎದ್ದು ಬಂದೆ.

ಈಗ ತಿರುಗಿಸುವುದು ಮುಗಿದಿದೆ. ಬಿಚ್ಚಿದ ಜಾಗದಲ್ಲಿ ಹೊಸ ಮೂಳೆ ತುಂಬುವವರೆಗೆ, ಸುಮಾರು ಆರು ತಿಂಗಳು, ಸ್ಕ್ರೂ ಅಲ್ಲೇ ಇರಬೇಕು. ಬಿರಿಯಾನಿ ಅಗುಳು ಸಿಕ್ಕಿಕೊಳ್ಳುತ್ತದೆ. ಕುರ್‌ಆನ್ ಓದುವಾಗ ನಾಲಗೆ ಕಂಬಿಗೆ ತಗುಲಿ ಕೆಲವು ಅಕ್ಷರಗಳು ಮುದ್ದೆಯಾಗುತ್ತವೆ. ಉಸ್ತಾದರು ನಿಧಾನವಾಗಿ ಓದು ಎಂದಿದ್ದಾರೆ. ನಾನು ಮಷಿನ್ ನಿಲ್ಲಿಸಿ ಕೇಳುತ್ತೇನೆ. "ಸ್ವಾದ್" ಇನ್ನೂ ಸರಿಯಾಗಿ ಬಂದಿಲ್ಲ.